ಕತ್ತರಿ ನಿಂತಾಗ ಏಳುವ ಪಟ್ಟಿ

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಅವರದು ಒಂದೇ ಕುರ್ಚಿಯ ಕ್ಷೌರದಂಗಡಿ. ನಾಲ್ಕು ಸಲ ಕತ್ತರಿ ಆಡಿಸುವುದು, ನಿಲ್ಲಿಸುವುದು, ಕನ್ನಡಿಯಲ್ಲಿ ಗಿರಾಕಿಯ ಕಣ್ಣು ನೋಡಿ ಒಂದು ಕಥೆ ಬಿಡುವುದು, ಮತ್ತೆ ಕತ್ತರಿ. ಕತ್ತರಿ ಆಡುವಾಗ ಮಾತ್ರ ತುಟಿಪಿಟಿಕ್ಕೆನ್ನುತ್ತಿರಲಿಲ್ಲ. ಗಿರಾಕಿ ನಕ್ಕು ತಲೆ ಅಲ್ಲಾಡಿಸಿದರೆ ಕಿವಿಯ ಗತಿ ಏನು ಎನ್ನುತ್ತಿದ್ದರು. ಅಂಗಡಿಯಲ್ಲಿ ಉಳಿದ ಮಾತನ್ನೆಲ್ಲ ಮನೆಗೆ ತಂದು ಸುರಿಯುತ್ತಿದ್ದರು. ಅವರ ಹೆಂಡತಿಗೆ, ಅಂದರೆ ನನ್ನ ಅಕ್ಕನಿಗೆ, ಬಾಯಿ ತೆರೆಯಲು ಸಂದೇ ಸಿಗುತ್ತಿರಲಿಲ್ಲ.

ಆಮೇಲೆ ಭಾವನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮತ್ತೆ ಅಂಗಡಿ ತೆರೆದರೂ ಕನ್ನಡಿಯ ಮುಂದೆ ಆ ಮೌನ ನೋಡಲಾಗುತ್ತಿರಲಿಲ್ಲ. ನಾನು ದಿನಾ ಅಲ್ಲಿ ಪೇಪರ್ ಓದಲು ಕೂರುವವನು. ನನಗೇ ಅಳು ಬರುತ್ತಿತ್ತು.

ಅವರ ಮಗಳು ಮೊಬೈಲ್ ಆ್ಯಪ್ ಮಾಡುವ ಕೆಲಸದವಳು. ಅಪ್ಪನಿಗೆಂದೇ ಒಂದು ಆ್ಯಪ್ ಮಾಡಿದಳು. ಅದರ ತುಂಬ ದಪ್ಪ ಅಕ್ಷರದ ವಾಕ್ಯಗಳು. ಒತ್ತಿದರೆ ಫೋನು ಮಾತಾಡುತ್ತದೆ. ಅಂಗಡಿ, ಮನೆ, ಜನ ಎಂದು ಮೂರು ಪುಟ. ಒಂದರಿಂದ ಇನ್ನೊಂದಕ್ಕೆ ಹೋಗಲು ಕೆಳಗೆ ಮೂರು ಬಟನ್ನುಗಳ ಪಟ್ಟಿ. ವಾಕ್ಯಗಳನ್ನು ಓದುತ್ತ ಕೆಳಗಿಳಿದರೆ ಅಕ್ಷರಕ್ಕೆ ಜಾಗ ಬಿಟ್ಟು ಪಟ್ಟಿ ಮರೆಯಾಗುತ್ತದೆ. ತಿರುಗಿ ಮೇಲಕ್ಕೆ ಬಂದರೆ ಕಾಣಿಸಿಕೊಳ್ಳುತ್ತದೆ. ದನಿ ಕೊಟ್ಟವಳು ಅಕ್ಕ.

"ಇಷ್ಟು ವರ್ಷ ನೀವು ಮಾತಾಡಿದ್ರಿ, ನಾನು ಕೇಳಿದೆ. ಇನ್ಮೇಲೆ ನನ್ನ ಸರದಿ ಕಣ್ರೀ" ಎಂದು ನಕ್ಕಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ದಪ್ಪ ಮೀಸೆಯ ಮುಖದ ಪಕ್ಕದಿಂದ ಅಕ್ಕನ ದನಿ "ತಲೆ ಸ್ವಲ್ಪ ಬಗ್ಗಿಸಿ" ಎಂದಾಗ ಗಿರಾಕಿಗಳು ಮೊದಲಿಗಿಂತ ಬೇಗ ಬಗ್ಗಿಸಿದರು. ಆ ದನಿಗೆ ತಲೆ ಬಗ್ಗಿಸದವರು ನಮ್ಮ ಮನೆಯಲ್ಲೇ ಇಲ್ಲ, ಇನ್ನು ಗಿರಾಕಿಗಳ ಪಾಡೇನು! ಭಾವನ ಮುಖಕ್ಕೆ ಕಳೆ ಬಂತು.

ಅಷ್ಟರಲ್ಲಿ ಎದುರಿನ ಔಷಧಿ ಅಂಗಡಿಯಾತ ಬಂದು ಕುರ್ಚಿಯಲ್ಲಿ ಕೂತ. ಆತ, ಆತನ ಅಣ್ಣ ಇಬ್ಬರೂ ಭಾವನ ಹಳೇ ಗಿರಾಕಿಗಳು. ಅರ್ಧ ಕೆಲಸವಾದಾಗ ಆತ ಕನ್ನಡಿ ನೋಡಿಕೊಂಡು, "ಅಣ್ಣ ಹೋಗ್ಬಿಟ್ಟ, ಗೊತ್ತಾಯ್ತಲ್ಲ?" ಎಂದ. ಅಷ್ಟಕ್ಕೇ ದನಿ ಒಡೆಯಿತು.

ಭಾವ ಕತ್ತರಿ ಕೆಳಗಿಟ್ಟರು. ಸಮಾಧಾನದ ಮಾತುಗಳಿದ್ದದ್ದು ಜನ ಪುಟದಲ್ಲಿ. ಅವರಿದ್ದದ್ದು ಅಂಗಡಿ ಪುಟದ ತಳದಲ್ಲಿ, ಪಟ್ಟಿಯೋ ಮಂಗಮಾಯ. ಗಾಬರಿಯಲ್ಲಿ ಹೆಬ್ಬೆರಳು ಅದನ್ನು ಹುಡುಕುತ್ತ ಇನ್ನೂ ಕೆಳಕ್ಕೇ ಒತ್ತಿತು. ಎಲ್ಲಿಗೋ ತಗುಲಿತು. ಅಕ್ಕನ ದನಿ ಲವಲವಿಕೆಯಿಂದ ಕೇಳಿತು: "ಹಿಂದೆ ಇನ್ನೂ ಸ್ವಲ್ಪ ತೆಗೀಲಾ?"

ಆತ ಕಣ್ಣೊರೆಸಿಕೊಂಡು ಎದ್ದ. "ಸಾಕು ಬಿಡಿ" ಎಂದು ಅರ್ಧ ಕತ್ತರಿಸಿದ ತಲೆಯಲ್ಲೇ ಹೊರಟುಹೋದ.

ಭಾವ ಫೋನನ್ನು ಡ್ರಾಯರಿಗೆ ಎಸೆದರು. ಮನೆಗೆ ಬಂದವರು ತಮ್ಮ ಹಿಂದಲೆಯನ್ನು ಮುಟ್ಟಿ ಮುಟ್ಟಿ ತೋರಿಸಿ ಹಣೆ ಚಚ್ಚಿಕೊಂಡರು. ಅಂಗಡಿಯಲ್ಲಿ ಆದದ್ದನ್ನು ನಾನು ಹೇಳಿದೆ, ಆದರೆ ಹಿಂದಲೆ ಯಾಕೆ ಎಂಬುದು ನಮಗಾರಿಗೂ ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ ಪೇಪರಿನ ಅಂಚಿನಲ್ಲಿ ಬರೆದರು: ಅಂಗಡಿ ಬೇಡ, ಕುರ್ಚಿ ಮಾರೋಣ.

"ಪುಟದಲ್ಲಿ ಮೇಲಕ್ಕೆ ಬಂದಿದ್ರೆ ಪಟ್ಟಿ ಬರ್ತಿತ್ತಲ್ಲಪ್ಪಾ. ಎಲ್ಲಾ ಆ್ಯಪಲ್ಲೂ ಹಾಗೇ" ಎಂದಳು ಮಗಳು.

ನನಗೆ ಪಿತ್ತ ನೆತ್ತಿಗೇರಿತು. "ಎದುರಿಗೆ ಒಬ್ಬ ಅಳ್ತಾ ಕೂತಿರೋವಾಗ ಮೇಲ್ಯಾವುದು ಕೆಳಗ್ಯಾವುದು ನೆನಪಿರುತ್ತೇನೇ?"

"ನೀವು ಸುಮ್ನಿರಿ ಮಾವ" ಎಂದಳು. ಆದರೆ ಪಟ್ಟಿ ಯಾವಾಗಲೂ ಕಾಣುವಂತೆ ಮಾಡಿಕೊಟ್ಟಳು. ಅಕ್ಕ ಕಾಡಿ ಬೇಡಿ ಭಾವನನ್ನು ಅಂಗಡಿಗೆ ಕಳಿಸಿದಳು. ಈಗ ಹೊಸ ಪೇಚು. ವಾಕ್ಯ ಹುಡುಕುತ್ತ ಜಾರಿದ ಒದ್ದೆ ಬೆರಳು ಪಟ್ಟಿಗೆ ತಗುಲಿ ಪುಟವೇ ಬದಲಾಗುತ್ತಿತ್ತು. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತವನೊಬ್ಬನಿಗೆ ಫೋನು "ಊಟಕ್ಕೇನಿದೆ?" ಎಂದು ಕೇಳಿತು. ನಾನು ನಗು ತಡೆಯಲಾರದೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ. ಭಾವ ನಗಲಿಲ್ಲ.

ಕೊನೆಗೆ ಮಗಳೇ ರಜೆ ಹಾಕಿ ಬಂದು ಕುರ್ಚಿಯಲ್ಲಿ ಕೂತಳು. "ನನ್ನ ಕೂದಲು ಕಟ್ ಮಾಡಪ್ಪಾ." ಭಾವ ಕತ್ತರಿಸಿದರು. ಅವಳು ಕನ್ನಡಿಯಲ್ಲಿ ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಕತ್ತರಿ ನಿಂತಿತು, ಭಾವ ಕನ್ನಡಿಯತ್ತ ಮುಖವೆತ್ತಿದರು. ಮತ್ತೆ ಆಡಿತು, ಮುಖ ತಗ್ಗಿತು. ಮತ್ತೆ ನಿಂತಿತು, ಮತ್ತೆ ಮುಖವೆತ್ತಿದರು. ಬಾಯಿಲ್ಲದಿದ್ದರೂ ಹಳೇ ಅಭ್ಯಾಸ ಹೋಗಿರಲಿಲ್ಲ.

"ಗೊತ್ತಾಯ್ತು ಬಿಡು. ಕತ್ತರಿ ನಿಂತಾಗ ತಾನೇ ನಿನ್ನ ಮಾತು" ಎಂದು ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ಅಲ್ಲೇ ಲ್ಯಾಪ್‌ಟಾಪ್ ತೆರೆದಳು. ಬೆರಳು ಫೋನಿನ ಗಾಜಿನ ಮೇಲೆ ಓಡಾಡುವಷ್ಟು ಹೊತ್ತು ಪಟ್ಟಿ ಮರೆ. ಬೆರಳೆತ್ತಿ ಸುಮ್ಮನಾದ ಕೂಡಲೇ, ಪುಟದ ತಳದಲ್ಲಿರಲಿ ತುದಿಯಲ್ಲಿರಲಿ, ಪಟ್ಟಿ ತಾನೇ ಎದ್ದು ಬರುತ್ತದೆ. ಅಷ್ಟೇ ಬದಲಾವಣೆ. ಭಾವ ಎಷ್ಟೋ ಸಲ ಬೆರಳಿಟ್ಟು, ಎತ್ತಿ ನೋಡಿದರು. ಆ ಸಂಜೆ ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಹೊಸ ಮಾತು ಬರೆದುಕೊಟ್ಟು ಹೇಳಿಸಿದರು. ಏನೆಂದು ಕೇಳಿದರೆ ಅಕ್ಕ ಬಾಯಿಬಿಡಲಿಲ್ಲ.

ಆದರೆ ಆ ಮಾತು ಕೇಳಬೇಕಾದವನೇ ಬರಲಿಲ್ಲ. ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂತ ಆತನ ತಲೆ ಕಂಡಾಗೆಲ್ಲ ಭಾವನ ಕತ್ತರಿ ನಿಧಾನವಾಗುತ್ತಿತ್ತು. ಕೂದಲು ಕಿವಿ ಮುಚ್ಚುವಷ್ಟು ಬೆಳೆಯಿತು. ಬೇರೆ ಕಡೆ ಹೋಗಿಲ್ಲವಲ್ಲ ಎಂದು ನಾನೇ ಧೈರ್ಯ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಆತ ರಸ್ತೆ ದಾಟಿ ಬಂದ. "ಬೇರೆ ಅಂಗಡಿಗೆ ಹೋಗೋಕೆ ಮನಸ್ಸು ಬರ್ಲಿಲ್ಲ" ಎಂದು ಕೂತ. ಭಾವ ಎರಡೂ ಪಕ್ಕ ಮುಗಿಸಿ ಹಿಂದಲೆಗೆ ಬಂದರು. ಕತ್ತರಿ ನಿಂತಿತು. ಹೆಬ್ಬೆರಳು ಗಾಜಿಗಿಟ್ಟು ಎತ್ತಿದರು. ಪಟ್ಟಿ ಎದ್ದಿತು. ಜನ ಪುಟ ತೆರೆಯಿತು.

ಅಕ್ಕನ ದನಿ ಈ ಸಲ ಮೆಲ್ಲಗಿತ್ತು. "ನಿಮ್ಮಣ್ಣ ಬಂದಾಗೆಲ್ಲ ಒಂದು ಮಾತು ಹೇಳಿ ಹೋಗ್ತಿದ್ರು. ನನ್ನ ತಮ್ಮನಿಗೆ ಹಿಂದೆ ಮಾತ್ರ ಜಾಸ್ತಿ ತೆಗೀಬೇಡ, ಗಾಯದ ಗುರುತು ಕಾಣ್ಬಾರ್ದು. ಚಿಕ್ಕವನಿದ್ದಾಗ ಸೈಕಲ್ಲಿಂದ ಅವನನ್ನ ಬೀಳಿಸಿದ್ದು ನಾನೇ, ಅಂತ."

ಆತನ ಕೈ ತಾನಾಗಿ ಹಿಂದಲೆಗೆ ಹೋಯಿತು. ಬಹಳ ಹೊತ್ತು ಅಲ್ಲೇ ಸವರುತ್ತಿದ್ದ. ನಾನು ಪೇಪರಿನ ಒಂದೇ ಸಾಲನ್ನು ಓದುತ್ತಲೇ ಇದ್ದೆ.

"ನನಗೆ ಬಿದ್ದಿದ್ದೇ ನೆನಪಿಲ್ಲ" ಎಂದ ಆತ. "ಅಣ್ಣ ಇಷ್ಟು ವರ್ಷ ಅದನ್ನ ಮನಸ್ಸಲ್ಲಿ ಇಟ್ಕೊಂಡಿದ್ನಾ?"

ಭಾವ ಹೌದೆಂದು ತಲೆಯಾಡಿಸಿದರು.

"ತೆಗೀರಿ ಹಾಗಾದ್ರೆ. ಪೂರ್ತಿ ತೆಗೀರಿ. ಕಾಣ್ಲಿ."

ಭಾವ ಮತ್ತೆ ಬೆರಳಿಟ್ಟು ಅಂಗಡಿ ಪುಟಕ್ಕೆ ಬಂದರು.

"ತಲೆ ಸ್ವಲ್ಪ ಬಗ್ಗಿಸಿ" ಎಂದಳು ಅಕ್ಕ. ಆತ ಬಗ್ಗಿಸಿದ.