ದಮ್ ಬಿಟ್ಟ ವಾರುಜಾನ್

ನಮ್ಮ ಗ್ಯುಮ್ರಿ ಪಟ್ಟಣದಲ್ಲಿ ವಾರುಜಾನನ ಪಿಯಾನೊ ಕೇಳದವರು ವಿರಳ. ಜಾಝ್‌ನ ಮನೋಧರ್ಮ, ರಾಕ್‌ನ ಅಬ್ಬರ, ನಮ್ಮ ಆರ್ಮೇನಿಯದ ಅಜ್ಜಿಯರ ಹಾಡು, ಈ ಮೂರನ್ನೂ ಅವನು ಒಂದೇ ಹರಿವಿಗೆ ತರಬಲ್ಲ. ಆದರೆ ಹನ್ನೆರಡು ವರ್ಷ ಅವನ ಸೋದರಮಾವ ಮನುಕ್ ಆ ಸಂಗೀತಕ್ಕೆ ಕಿವಿಗೊಟ್ಟಿರಲಿಲ್ಲ.

ಮನುಕ್ ದುದುಕ್ ವಾದಕ. ಏಪ್ರಿಕಾಟ್ ಮರದ ಆ ಊದುವಾದ್ಯವನ್ನು ನಮ್ಮಲ್ಲಿ ಒಬ್ಬರೇ ನುಡಿಸುವ ರೂಢಿಯಿಲ್ಲ. ಎಡಗಡೆ ಕುಳಿತ ಇನ್ನೊಬ್ಬನು ತನ್ನ ದುದುಕಿನಲ್ಲಿ ಕೆನ್ನೆಯುಬ್ಬಿಸಿ, ಉಸಿರು ಕಡಿಯದೆ, ಒಂದೇ ಸ್ವರವನ್ನು ಹಿಡಿದಿರಬೇಕು. ಅದೇ ದಮ್. ತಂದೆಯಿಲ್ಲದ ವಾರುಜಾನನನ್ನು ಸಾಕಿದ ಮಾವನು ಅವನಿಗೆ ಮೊದಲು ಕಲಿಸಿದ್ದು ಅದನ್ನೇ. ಏಳು ವರ್ಷ ಹಿಡಿದ. ಹತ್ತೊಂಬತ್ತರ ಹರೆಯದಲ್ಲಿ, ಒಂದು ಮದುವೆಯಲ್ಲಿ, ವಧು ತವರಿನ ಹೊಸ್ತಿಲು ದಾಟುವ ಹಾಡಿನ ನಡುವೆ, ಅವನ ಬೆರಳುಗಳು ಹಿಡಿದ ಸ್ವರವನ್ನು ಬಿಟ್ಟು ತಮ್ಮಿಚ್ಛೆಯಂತೆ ಓಡಿದವು. ಆಧಾರ ತಪ್ಪಿದ ಹಾಡು ತತ್ತರಿಸಿತು; ವಧು ಅಳುವುದನ್ನೇ ಮರೆತು ಹಿಂತಿರುಗಿ ನೋಡಿದಳು. ಮನುಕ್ ದುದುಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದ. ಮುಂದೆ ಒಂದೇ ಮೇಜಿನಲ್ಲಿ ಉಂಡರು, ಮಾತಾಡಿದರು. ಜೊತೆಗೂಡಿ ನುಡಿಸುವುದು ಮಾತ್ರ ನಿಂತಿತು; ವಾರುಜಾನ್ ಪಿಯಾನೊದತ್ತ ಹೊರಳಿದ.

ಈ ವಸಂತದಲ್ಲಿ ವಾರುಜಾನ್, ತೀರಿಕೊಂಡ ತಾಯಿಯ ಜೋಗುಳವನ್ನು ಸಭೆಯಲ್ಲಿ ನುಡಿಸಲು ಸಂಕಲ್ಪಿಸಿದ. ಪಿಯಾನೊದ ಸ್ವರವೋ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುವಂಥದು. ತನ್ನ ವಾದ್ಯತಂಡದ ಗಿಟಾರಿನ ಗುಂಗನ್ನು ಕೆಳಗೆ ಹಾಸಿ ನೋಡಿದ. ಜೋಗುಳ ಅದರ ಮೇಲೆ ನಿಲ್ಲಲಿಲ್ಲ. ದಮ್ ಇಲ್ಲದೆ ಆ ಹಾಡಿಲ್ಲವೆಂದು ಅರಿತು, ಒಂದು ಭಾನುವಾರ ಚರ್ಚಿನಿಂದ ನೇರವಾಗಿ ಮಾವನ ಮನೆಗೆ ಬಂದ. ನೆರೆಯವನಾದ ನಾನು ಅಲ್ಲಿ ಕಾಫಿ ಕುಡಿಯುತ್ತಿದ್ದೆ. ದಮ್ ಹಿಡಿಯಲು ಮಾವನ ಶಿಷ್ಯರಲ್ಲೊಬ್ಬನನ್ನು ಕಳುಹಿಸಿಕೊಡಬೇಕೆಂದು ತಲೆತಗ್ಗಿಸಿ ಬೇಡಿದ.

“ದಮ್ ಬಿಟ್ಟು ಓಡಿದೋನು ಈಗ ದಮ್ ಹುಡುಕ್ಕೊಂಡು ಬಂದ್ಯಾ?” ಎಂದ ಮನುಕ್. “ನಿನ್ನ ಡ್ರಮ್ಮಿನ ಗಲಾಟೇಲಿ ನನ್ನ ಶಿಷ್ಯನ ಕಿವಿ ಹೋದ್ರೆ?”

“ಹತ್ತಿ ನಾನೇ ತಂದ್ಕೊಡ್ತೀನಿ ಮಾವ.”

ಮನುಕ್ ನಗಲಿಲ್ಲ. ನೋಡೋಣವೆಂದಷ್ಟೇ ಹೇಳಿದ.

ಕಛೇರಿಯ ಸಂಜೆ ಶಿಷ್ಯ ಬರಲಿಲ್ಲ. ಮದುವೆಗಳಿಗೆ ತೊಡುವ ಕಪ್ಪು ಕೋಟಿನಲ್ಲಿ ಮನುಕನೇ ಬಂದ. ಪಿಯಾನೊದ ಎಡಗಡೆ ಕುರ್ಚಿ ಎಳೆದು ಕುಳಿತ. ನಲವತ್ತು ವರ್ಷ ಹಾಡನ್ನು ನಡೆಸಿದವನು ದಮ್ ಹಿಡಿಯುವವನ ಸ್ಥಾನದಲ್ಲಿ ಕುಳಿತುದನ್ನು ನಾವಾರೂ ಕಂಡಿರಲಿಲ್ಲ. ವಾರುಜಾನ್ ಎದ್ದುನಿಂತ.

“ಮಾವ, ಅದು ನಿಮ್ಮ ಜಾಗ ಅಲ್ಲ.”

“ಕೂತ್ಕೊಳೋ. ಅವಳು ನಿನಗೆ ತಾಯಾದ್ರೆ ನನಗೆ ತಂಗಿ. ನೀನು ಎಲ್ಲಿ ಬೇಕಾದ್ರೂ ತಿರುಗಾಡ್ಕೊಂಡು ಬಾ, ನಾನು ಇಲ್ಲೇ ಇರ್ತೀನಿ.”

ಮನುಕನ ದಮ್ ಅಲುಗದೆ ನೆಲೆನಿಂತಿತು. ವಾರುಜಾನ್ ಜೋಗುಳದಿಂದ ಹೊರಟು, ಡ್ರಮ್ಮಿನ ಬಿರುಗಾಳಿಯನ್ನು ಹೊಕ್ಕು, ಒಂದೆಡೆ ದಾರಿಗಾಣದೆ ಕೈಯೆತ್ತಿಬಿಟ್ಟ. ಉಳಿದವರೂ ನಿಲ್ಲಿಸಿದರು. ಹಾಡು ಬೀಳಲಿಲ್ಲ; ಆ ವೃದ್ಧನ ಉಸಿರು ಅದನ್ನು ಹೊತ್ತಿತ್ತು. ವಾರುಜಾನ್ ಅದಕ್ಕೆ ಕಿವಿಗೊಟ್ಟ. ಆಮೇಲೆ ಒಂದೊಂದೇ ಬೆರಳಿಟ್ಟು ಮರಳಿ ಬಂದು ಜೋಗುಳವನ್ನು ಮುಗಿಸಿದ.

ಸಭೆಗೆ ಬಾಗುವ ಮೊದಲು ಅವನು ಮಾವನ ಕೈಗೆ ಮುತ್ತಿಟ್ಟ. ಮನುಕ್ ಬೆವರೊರೆಸಿಕೊಳ್ಳುತ್ತ, ಮುಂದಿನ ಸಲ ಡ್ರಮ್ಮಿನವನನ್ನು ಸ್ವಲ್ಪ ದೂರ ಕೂರಿಸಬೇಕೆಂದ. ಆ ‘ಮುಂದಿನ ಸಲ’ ಎಂಬ ಮಾತಿಗಾಗಿ ವಾರುಜಾನ್ ಈಗಲೂ ಚರ್ಚಿನಲ್ಲಿ ಭಾನುವಾರಕ್ಕೊಂದು ಮೇಣದಬತ್ತಿ ಹಚ್ಚುತ್ತಾನೆ.