ಒಲೆಯೊಳಗಿನ ಬೆಕ್ಕು

ಅವರ ಬಲಗೈಯ ನಡುಬೆರಳಿನಲ್ಲಿ, ಪೆನ್ನು ಒತ್ತುವ ಜಾಗದಲ್ಲಿ, ಹುಣಸೆ ಬೀಜದಷ್ಟು ಗಂಟಿತ್ತು. ಇಂಕು ಇಳಿದು ಅದು ನೀಲಿಗಟ್ಟಿತ್ತು. ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ನಾನು ಗುಮಾಸ್ತನಾಗಿದ್ದ ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಮಡಿಸುವ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ಎಲ್ಲರಿಗೂ ಅವರು ಅರ್ಜಿ ಮೇಷ್ಟ್ರು.

ಅವರ ಅರ್ಜಿಗಳೆಂದರೆ ನನಗೆ ತಲೆನೋವು. ದಿನಕ್ಕೆ ಇಷ್ಟೆತ್ತರ ಕಾಗದ ಓದಿ ಕಣ್ಣು ಸೋತಿರುತ್ತಿತ್ತು. ಬೇರೆಯವರದಾದರೆ ಕಣ್ಣಾಡಿಸಿದರೆ ಸಾಕು. ಇವರು ಮಾತ್ರ ವಿಷಯ, ಮಾನ್ಯರೇ ಎಲ್ಲ ಕ್ರಮವಾಗಿ ಬರೆದು, ಕೊನೆಯಲ್ಲಿ ಅರ್ಜಿದಾರರ ಬಾಯಿಂದ ಬಂದ ಒಂದು ಮಾತನ್ನು ಹಾಗೇ ಇಳಿಸುತ್ತಿದ್ದರು. ಹಾಗಂತ ಅಲಂಕಾರದ ಹುಚ್ಚಿನವರಲ್ಲ. ಕಾಲೇಜು ಹುಡುಗಿಯೊಬ್ಬಳು ‘ಕಣ್ಣೀರಿನ ಕಡಲಲ್ಲಿ ಮುಳುಗಿದ್ದೇವೆ’ ಎಂದು ಬರೆಯಲು ಹೇಳಿದಾಗ ಪೆನ್ನು ಕೆಳಗಿಟ್ಟಿದ್ದರು.

“ಕಡಲು ನೋಡಿದೀಯೇನಮ್ಮಾ? ನಮ್ಮ ಕಡೆ ಕೆರೆ ತುಂಬೋದೇ ಕಷ್ಟ. ನಿಮ್ಮಮ್ಮ ಮನೇಲಿ ಏನಂತಾರೋ ಅದು ಹೇಳು.”

ಆಂಧ್ರ ಗಡಿಗೆ ಹತ್ತಿರದ ಆವನಿ ಕಡೆಯ ಅಜ್ಜಿಯೊಬ್ಬರ ಹೆಬ್ಬೆರಳಿನ ಗೆರೆ ಸವೆದು, ಯಂತ್ರ ಒಪ್ಪದೆ, ರೇಷನ್ ಅಕ್ಕಿ ನಿಂತುಹೋಗಿತ್ತು. ಅವರ ಅರ್ಜಿಯ ಕೊನೆಯಲ್ಲಿ ‘ಒಲೆಯೊಳಗಿನ ಬೆಕ್ಕು ಎದ್ದಿಲ್ಲ’ ಎಂದಿತ್ತು. ನಾನು ಅದಕ್ಕೆ ಕೆಂಪು ಗೆರೆ ಎಳೆದು, ಸರಿಯಾಗಿ ಬರೆಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದೆ.

ಅಜ್ಜಿಯ ಜೊತೆ ಮೇಷ್ಟ್ರೇ ಒಳಗೆ ಬಂದರು. ಜಗಳವಾಡಲಿಲ್ಲ.

“ಪೊಯ್ಯಿಲೋ ಪಿಲ್ಲಿ ಲೇವಲೇದು ಅಂತ ಈಯಮ್ಮ ತೆಲುಗಲ್ಲಿ ಅಂದ್ರು, ನಾನು ಕನ್ನಡ ಮಾಡಿದೆ. ಅರ್ಥ ಆಗ್ಲಿಲ್ವಾ ಸಾರ್?”

ಆಗದೇ ಏನು, ನಮ್ಮಮ್ಮನೂ ಆಡುತ್ತಿದ್ದ ಮಾತು. “ಒಲೆ ಹಚ್ಚಿಲ್ಲ, ಅಡುಗೆ ಆಗಿಲ್ಲ ಅಂತ,” ಎಂದೆ.

“ಹಚ್ಚಿದ್ರೆ ಬೆಕ್ಕು ಬೂದಿ ಬಿಟ್ಟು ಎದ್ದು ಹೋಗ್ತಿತ್ತು. ಕಡುಬಡವರು ಅಂತ ಬರೆದ್ರೆ ಅಂಥವು ನಿಮ್ಮ ಮೇಜಿನ ಮೇಲೆ ನೂರಿದಾವೆ. ಬೆಕ್ಕು ಇರೋದು ಒಂದೇ. ಒಂದು ಸಾಲಾದ್ರೂ ಅವರದ್ದು ಇರ್ಲಿ ಸಾರ್.”

ನನಗೆ ನಾಚಿಕೆಯಾಯಿತು. ಕಡತವನ್ನು ಅಂದೇ ಸಾಹೇಬರ ಮುಂದಿಟ್ಟೆ. ಅಜ್ಜಿಗೆ ಅಕ್ಕಿ ಸಿಕ್ಕಿತು. ಆಮೇಲೆ ನಾನು ಎಷ್ಟೇ ದಣಿದಿದ್ದರೂ ಅವರ ಅರ್ಜಿಗಳನ್ನು ಕೊನೆಯ ಸಾಲಿನಿಂದ ಓದತೊಡಗಿದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ವಿಧವಾ ವೇತನಕ್ಕೆ ಅರ್ಜಿ ಬರೆದುಕೊಡಿ ಎಂದು ಅವರ ಹೆಂಡತಿ ನಮ್ಮ ಮನೆಗೆ ಬಂದರು. ಎಲ್ಲ ಬರೆದು, “ಕೊನೇಲಿ ನಿಮ್ಮದೊಂದು ಮಾತು ಹೇಳೀಮ್ಮ,” ಎಂದೆ. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

“ಊರೋರ ಬಾಯಲ್ಲಿದ್ದಿದ್ದನ್ನೆಲ್ಲ ಬರೆದ್ರು. ಈಗ ನನ್ನ ಬಾಯಿಗೇ ಏನೂ ಬರ್ತಿಲ್ಲ. ಬೇಡ ಬಿಡಿ.”

‘ಬೇಡ ಬಿಡಿ’ ಎಂಬುದನ್ನು ಬಿಟ್ಟು ಉಳಿದದ್ದನ್ನು ಹಾಗೇ ಬರೆದೆ. ಈಗ ನನ್ನ ಕುರ್ಚಿಯಲ್ಲಿ ಯಾರಿದ್ದಾರೋ ಗೊತ್ತಿಲ್ಲ, ಅವರೂ ದಣಿದಿರುತ್ತಾರೆ. ಆ ಸಾಲಿಗೆ ಕೆಂಪು ಗೆರೆ ಬಿದ್ದು ಅರ್ಜಿ ವಾಪಸು ಬಂದರೆ, ಆಕೆಯ ಜೊತೆ ನಾನೇ ಒಳಗೆ ಹೋಗಬೇಕು.