ಸಾಯಲು ಒಪ್ಪದ ಬಳ್ಳಿ

ನಾನು ಚಿಕ್ಕವಳಿದ್ದಾಗ ಒಂದು ಕೊಲೆ ಮಾಡಿದ್ದೆ. ಹೆದರಬೇಡಿ, ಕೊಂದದ್ದು ಮನುಷ್ಯರನ್ನಲ್ಲ, ಒಂದು ಬಳ್ಳಿಯನ್ನು. ಆದರೆ ಆಮೇಲಿನ ಹದಿನೈದು ದಿನ ನಾನು ಪಟ್ಟ ಸಂಕಟ ಯಾವ ಕಳ್ಳನಿಗೂ ಬೇಡ. ಯಾರಾದರೂ ಹೆಸರು ಹಿಡಿದು ಕರೆದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ನಮ್ಮ ಮನೆ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ, ಶರಾವತಿ ಸಮುದ್ರ ಸೇರುವ ಅಳಿವೆಯ ಹತ್ತಿರ. ಬಾಗಿಲು ತೆರೆದರೆ ಮರಳು, ಮರಳಿನಾಚೆ ದೋಣಿ, ದೋಣಿಯಾಚೆ ನೀರು. ಮನೆಯೊಳಗೆ ಸದಾ ಒಣಮೀನಿನ ವಾಸನೆ. ಅದಕ್ಕೆ ವಾಸನೆ ಎನ್ನುತ್ತಾರೆಂದು ನನಗೆ ಗೊತ್ತಾದದ್ದೇ ಮದುವೆಯಾಗಿ ಕುಮಟೆಗೆ ಬಂದ ಮೇಲೆ! ಅಪ್ಪ ರಂಪಣಿ ದೋಣಿಯಲ್ಲಿ ಹಿಂದಿನ ಹುಟ್ಟು ಹಿಡಿಯುತ್ತಿದ್ದ. ರಂಪಣಿ ಎಂದರೆ ಬಹಳ ದೊಡ್ಡ ಬಲೆ. ದೋಣಿ ದಡದಿಂದ ಹೊರಟು, ಬಲೆ ಬಿಡುತ್ತಾ ಸಮುದ್ರದಲ್ಲಿ ಅರ್ಧ ಸುತ್ತು ಹಾಕಿ ದಡಕ್ಕೆ ಮರಳಬೇಕು. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯಬೇಕು. ದೋಣಿ ಯಾವ ತೆರೆ ಹತ್ತಬೇಕು, ಎಲ್ಲಿ ತಿರುಗಬೇಕು ಎನ್ನುವುದೆಲ್ಲ ಹಿಂದಿನ ಹುಟ್ಟಿನವನ ಕೈಯಲ್ಲಿ. ಅದಕ್ಕೆ ಕಣ್ಣು ಬೇಕು, ತೋಳು ಬೇಕು, ಎಲ್ಲಕ್ಕಿಂತ ಹೆಚ್ಚು ದಮ್ಮು ಬೇಕು.

ಆ ವರ್ಷ ಮಳೆಗಾಲದ ಶುರುವಿನಲ್ಲೇ ಅಪ್ಪ ಜ್ವರ ಹಿಡಿದು ಮಲಗಿದ. ಹೊನ್ನಾವರದ ಡಾಕ್ಟರರು ಕೊಟ್ಟ ಮಾತ್ರೆಗೆ ಜ್ವರವೇನೋ ಬಿಟ್ಟಿತು. ಆದರೆ ಹೋಗುವಾಗ ಅಪ್ಪನ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ತುಂಬಿದ ತಂಬಿಗೆ ಎತ್ತಲೂ ಎರಡು ಕೈ ಬೇಕಾಗುತ್ತಿತ್ತು. ಒಂದು ದಿನ ದೋಣಿಯ ಹಿರಿಯರೊಬ್ಬರು ನೋಡಲು ಬಂದರು. ಬಹಳ ಹೊತ್ತು ಮಳೆಯ ಸುದ್ದಿ ಮಾತಾಡಿ, ಕೊನೆಗೆ ಹೇಳಿದರು: “ಚೌತಿ ಕಳ್ದ ಮೇಲೆ ಮೊದಲ್ನೇ ಬಲೆ. ಅಷ್ಟರೊಳಗೆ ಎದ್ರೆ ಆತು. ಇಲ್ದಿದ್ರೆ ಈ ವರ್ಷ ಹಿಂದಿನ ಹುಟ್ಟು ಬೇರೆಯವ್ರಿಗೆ ಕೊಡುದೇ ಸೈ. ತಪ್ಪು ತಿಳೀಬೇಡ.” ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಅಳು ತಡೆಯಲಾಗಲಿಲ್ಲ.

ಅಜ್ಜಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಡಾಕ್ಟರ್ರ ಕೆಲ್ಸ ಮುಗೀತು. ಇನ್ನು ನನ್ನ ಕೆಲ್ಸ” ಎಂದಳು.

ಅಜ್ಜಿಯ ತವರು ಹಿರೇಗುತ್ತಿ. ಮೈಗೆ ಕಸುವು ತುಂಬುವ ಮದ್ದುಗಳೆಲ್ಲ ಅವಳಿಗೆ ಅವಳ ಅಜ್ಜಿಯಿಂದ ಬಂದಿದ್ದವು. ಓದುವ ಮಕ್ಕಳಿಗೆ ಗದ್ದೆಬದುವಿನ ಒಂದೆಲಗದ ಚಟ್ನಿ, ಬಾಣಂತಿಯರಿಗೆ ಹಾಲಿನಲ್ಲಿ ಕುದಿಸಿದ ಶತಾವರಿ ಬೇರು, ಕಾಯಿಲೆಯಿಂದ ಎದ್ದು ಸುಸ್ತಾದವರಿಗೆ ಅಮೃತಬಳ್ಳಿ. ಮದುವೆಯಾಗಿ ಬರುವಾಗ ಅವಳು ತವರಿನಿಂದ ಒಂದು ಗೇಣು ಅಮೃತಬಳ್ಳಿಯ ತುಂಡನ್ನು ಸೀರೆಯ ಗಂಟಿನಲ್ಲಿ ಇಟ್ಟುಕೊಂಡು ಬಂದಿದ್ದಳಂತೆ. ನಮ್ಮ ಕೇರಿಯ ಹಿಂದಿನ ಮಾವಿನ ಮರದ ಬುಡದಲ್ಲಿ ನೆಟ್ಟ ಆ ತುಂಡು ಮರದ ತುದಿಯವರೆಗೆ ಹಬ್ಬಿತ್ತು. ಊರಿನಲ್ಲಿ ಯಾರಿಗೆ ಸುಸ್ತಾದರೂ ಆ ಮರದ ಹತ್ತಿರವೇ ಬರುತ್ತಿದ್ದರು.

“ಹೆಬ್ಬೆರಳು ದಪ್ಪದ್ದು, ಒಂದು ಗೇಣು ತಕಬಾ ತಂಗಿ” ಎಂದು ಅಜ್ಜಿ ನನ್ನ ಕೈಗೆ ಕತ್ತಿ ಕೊಟ್ಟಳು. ನಮ್ಮ ಕಡೆ ಚಿಕ್ಕ ಹುಡುಗಿಯರನ್ನೆಲ್ಲ ತಂಗಿ ಎಂದೇ ಕರೆಯುವುದು. ಹೊರಗೆ ಜಿಟಿಜಿಟಿ ಮಳೆ. ದಿನಾ ಈ ಕೆಸರಿನಲ್ಲಿ ಒಂದೊಂದು ಗೇಣಿಗಾಗಿ ಯಾರು ಬರುತ್ತಾರೆ, ಇಡೀ ಬಳ್ಳಿಯನ್ನೇ ಇಳಿಸಿಬಿಟ್ಟರೆ ಆಯಿತಲ್ಲ ಎಂದು ನನ್ನ ಬುದ್ಧಿ ಓಡಿತು. ನಾವು ಬಲೆಯವರ ಮಕ್ಕಳು. ಕಂಬದ ಮೇಲೆ ಒಣಹಾಕಿದ ಬಲೆಯನ್ನು ಇಳಿಸಲು ಕಂಬ ಹತ್ತುವುದಿಲ್ಲ. ಕೆಳಗೆ ಗೂಟಕ್ಕೆ ಕಟ್ಟಿದ ಹಗ್ಗ ಬಿಚ್ಚಿದರೆ ಬಲೆ ತಾನಾಗಿ ಜಾರಿ ಬರುತ್ತದೆ. ಬಳ್ಳಿಯೂ ಹಾಗೇ ಎಂದುಕೊಂಡು ಬುಡದಲ್ಲೇ ಕಚಕ್ಕೆಂದು ಕತ್ತರಿಸಿ, ಜೋತುಬಿದ್ದು ಎಳೆದೆ.

ಬಳ್ಳಿ ಇಳಿಯಲಿಲ್ಲ. ಕೊಂಬೆಕೊಂಬೆಗೆ ಸುತ್ತಿಕೊಂಡಿದ್ದ ಅದು ಅಲ್ಲಾಡಲೂ ಇಲ್ಲ. ನನ್ನ ಕೈಗೆ ಎಟುಕುವ ಎತ್ತರದಲ್ಲಿ ಇನ್ನೊಂದು ಏಟು ಹಾಕಿ, ಸಿಕ್ಕ ಉದ್ದದ ತುಂಡನ್ನು ಹೊತ್ತುಕೊಂಡು ಮನೆಗೆ ಬಂದೆ. “ಅಬ್ಬಬ್ಬಾ, ಭಾರೀ ದಪ್ಪದ್ದು ಸಿಕ್ತಲ್ಲೆ” ಎಂದು ಅಜ್ಜಿ ಬೆನ್ನು ತಟ್ಟಿದಳು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಮರದ ಮೇಲಿನ ಎಲೆಗಳೆಲ್ಲ ಬಾಡಿ ಜೋತುಬಿದ್ದಿದ್ದವು. ಬುಡವೇ ಇಲ್ಲದ ಬಳ್ಳಿ ಗಾಳಿಯಲ್ಲಿ ತೂಗುತ್ತಿತ್ತು. ಆಗ ನನಗೆ ಹೊಳೆಯಿತು, ಅಜ್ಜಿ ತವರಿನಿಂದ ತಂದದ್ದನ್ನು ನಾನು ಕೊಂದುಬಿಟ್ಟಿದ್ದೆ. ತಂದ ತುಂಡು ಮುಗಿದ ಮೇಲೆ ಅಪ್ಪನಿಗೆ ಮದ್ದೂ ಇಲ್ಲ, ಹುಟ್ಟೂ ಇಲ್ಲ! ಅಲ್ಲಿಂದ ಓಡಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮನೆಯಲ್ಲಿ ಅಪ್ಪನ ಮದ್ದು ನಡೆದಿತ್ತು. ಬಳ್ಳಿ ದಪ್ಪವಿದ್ದುದರಿಂದ ದಿನಕ್ಕೆ ಅರ್ಧ ಗೇಣು ಸಾಕಾಗುತ್ತಿತ್ತು; ಅದನ್ನು ಅಜ್ಜಿ ಕಲ್ಲಿನ ಮೇಲೆ ಜಜ್ಜಿ ನೀರಿನಲ್ಲಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಜೀರಿಗೆ, ಕಾಳುಮೆಣಸು ಸೇರಿಸಿ ಕುದಿಸುತ್ತಿದ್ದಳು. ಆ ಕಹಿ ಹೇಗಿತ್ತೆಂದರೆ, ಅದರ ಹಬೆ ಬಡಿದರೂ ನಾಲಗೆ ಮುದುಡುತ್ತಿತ್ತು. ಆಳೆತ್ತರದ ತೆರೆಗೆ ಹೆದರದ ಅಪ್ಪ ಆ ಲೋಟಕ್ಕೆ ಹೆದರಿ ಕಂಬಳಿ ಹೊದ್ದುಕೊಳ್ಳುತ್ತಿದ್ದ. ಆಮೇಲೆ ಬಾಯಿಗೆ ಹಾಕಿಕೊಳ್ಳಲು ಇಟ್ಟ ಬೆಲ್ಲ ಎಷ್ಟೋ ಸಲ ಅಪ್ಪನಿಗೆ ಸಿಗುತ್ತಲೇ ಇರಲಿಲ್ಲ. ಅದು ಎಲ್ಲಿ ಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ.

“ಕುಡ್ದು ಮಲಗಿದ್ರೆ ಎಂತಕ್ಕೂ ಬರುದಿಲ್ಲ. ಕುಡ್ದು ನಡೀಬೇಕು” ಎನ್ನುತ್ತಿದ್ದಳು ಅಜ್ಜಿ. ಮಳೆ ಬಿಟ್ಟು ಹೊಳವಾದಾಗ ಅಪ್ಪ ಮರಳಿನ ಮೇಲೆ ನಡೆಯುತ್ತಿದ್ದ. ಎಲ್ಲಿಯವರೆಗೆ ಹೋದನೋ ಅಲ್ಲಿ ಒಂದು ಚಿಪ್ಪು ಊರುವುದು ನನ್ನ ಕೆಲಸ. ಮೊದಲ ಚಿಪ್ಪು ತುಳಸಿಕಟ್ಟೆಯ ಹತ್ತಿರವೇ ನಿಂತಿತು. ಎರಡನೆಯದು ಬಾವಿಯ ಹತ್ತಿರ. ಆಮೇಲೆ ತೆಂಗಿನ ಮರ ದಾಟಿ, ಬೇಲಿ ದಾಟಿ ಚಿಪ್ಪಿನ ಸಾಲು ದಿನದಿನಕ್ಕೆ ದೋಣಿಯ ಕಡೆ ಬೆಳೆಯತೊಡಗಿತು. ಪ್ರತಿ ಚಿಪ್ಪು ಊರುವಾಗಲೂ ನನಗೆ ಖುಷಿ ಒಂದು ಕಡೆ, ಕರಗುತ್ತಿದ್ದ ಬಳ್ಳಿಯ ತುಂಡಿನ ಚಿಂತೆ ಇನ್ನೊಂದು ಕಡೆ.

ಹದಿನೈದನೆಯ ದಿನ ತುಂಡು ಮುಗಿಯಿತು. “ನಡಿ, ಇಬ್ರೂ ಹೋಗಿ ತಕಂಡು ಬರ್ವ” ಎಂದು ಅಜ್ಜಿ ಹೊರಟಳು. ಅರ್ಧ ದಾರಿಯಲ್ಲಿ ನಾನು ನಿಂತುಬಿಟ್ಟೆ. ಅಲ್ಲೇ ಕೂತು, ಬಿಕ್ಕಿಬಿಕ್ಕಿ ಅಳುತ್ತಾ ಎಲ್ಲ ಹೇಳಿಬಿಟ್ಟೆ. ಅಜ್ಜಿಯ ಮುಖ ಸಪ್ಪಗಾಯಿತು. ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ನನ್ನ ಕೈ ಹಿಡಿದು ಎಬ್ಬಿಸಿ ಮರದ ಕಡೆ ನಡೆದಳು.

ಮರದ ಹತ್ತಿರ ಹೋದವಳೇ ಅಜ್ಜಿ ಗಕ್ಕನೆ ನಿಂತಳು. ಮಾವಿನ ಕೊಂಬೆಯಿಂದ ನೂಲಿನಷ್ಟು ಸಪೂರದ ಎಳೆಗಳು ಇಳಿಬಿದ್ದಿದ್ದವು. ಒಂದಲ್ಲ, ಎರಡಲ್ಲ, ಏಳೆಂಟು! ಕತ್ತರಿಸಿದ ಬಳ್ಳಿ ಮೇಲಿನಿಂದಲೇ ಬೇರು ಬಿಟ್ಟು ಮಣ್ಣನ್ನು ಹುಡುಕಿಕೊಂಡು ಬಂದಿತ್ತು. ಒಂದು ಎಳೆ ಆಗಲೇ ನೆಲ ಮುಟ್ಟಿ ಒಳಗೆ ಇಳಿದಿತ್ತು. ತಲೆಯೆತ್ತಿ ನೋಡಿದರೆ ಬಾಡಿದ್ದ ಎಲೆಗಳ ನಡುವೆ ಹೊಸ ಚಿಗುರು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಗಹಗಹಿಸಿ ನಕ್ಕಳು.

“ನೀನು ಕೊಲ್ಲುಕೆ ಹೋದ್ರೆ ಆತೇನೆ? ಅದು ಸಾಯುಕೆ ಒಪ್ಪಬೇಕಲ್ಲ!”

ನಾನು ಆ ಕೆಸರಿನಲ್ಲೇ ಕುಣಿದೆ. ಅಜ್ಜಿ ಹುಷಾರಾಗಿ ಪಕ್ಕದ ಕವಲಿನಿಂದ ಒಂದೇ ಗೇಣು ಕೊಯ್ದು, ಬಳ್ಳಿಗೆ ಕೈಮುಗಿದಳು. ಸುದ್ದಿ ಕೇಳಿದ ಅಪ್ಪ ನಂಬಲಿಲ್ಲ. “ಎಲ್ಲಿ, ನಾನೇ ನೋಡ್ತೆ” ಎಂದು ಎದ್ದು ಹೊರಟೇಬಿಟ್ಟ. ಚಿಪ್ಪಿನ ಸಾಲಿಗಿಂತ ಎರಡು ಪಾಲು ದೂರ ಇತ್ತು ಆ ಮರ. ಮಧ್ಯೆ ಮೂರು ಕಡೆ ಕೂತ, ಆದರೆ ಹೋದ. ನೆಲ ಮುಟ್ಟಿದ ಎಳೆಯನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿ ಬಹಳ ಹೊತ್ತು ನೋಡಿದ. ಮರುದಿನದಿಂದ ಅಪ್ಪ ಕಂಬಳಿ ಹೊದ್ದುಕೊಳ್ಳಲಿಲ್ಲ. ಕಹಿ ಲೋಟವನ್ನು ತಾನೇ ಕೇಳಿ ಕುಡಿದ. ಗಂಜಿಯ ಬಟ್ಟಲು ಎರಡಾಯಿತು. ಚೌತಿಯ ಹೊತ್ತಿಗೆ ನನ್ನ ಚಿಪ್ಪಿನ ಸಾಲು ದೋಣಿಯನ್ನು ಮುಟ್ಟಿ, ಅದರ ಸುತ್ತ ಒಂದು ಸುತ್ತು ಬಂದಿತ್ತು.

ಮೊದಲ ಬಲೆಯ ದಿನ ಬೆಳಿಗ್ಗೆ ಊರೆಲ್ಲ ದಡದಲ್ಲಿತ್ತು. ಅಪ್ಪ ಹೋಗಿ ಹಿಂದಿನ ಹುಟ್ಟು ಹಿಡಿದು ನಿಂತ. ದೋಣಿಯ ಹಿರಿಯರು ಅವನ ಮುಖ ನೋಡಿದರು, ತೋಳು ನೋಡಿದರು, “ಆತು” ಎಂದರು. ದೋಣಿ ನೀರಿಗಿಳಿಯಿತು. ಮೊದಲ ತೆರೆ ದಾಟಿತು, ಎರಡನೆಯದೂ ದಾಟಿತು. ಮೂರನೆಯ ತೆರೆ ಬಂದಾಗ ಮುಂದಿನವರ ಹುಟ್ಟು ತಪ್ಪಿ ದೋಣಿ ಅಡ್ಡ ತಿರುಗಿತು. ದಡದಲ್ಲಿ ಹೆಂಗಸರು ಕೂಗಿಕೊಂಡರು. ನಾನು ಅಜ್ಜಿಯ ಸೊಂಟ ತಬ್ಬಿ ಹಿಡಿದೆ. ಅಪ್ಪ ಒಂದು ಕಾಲನ್ನು ದೋಣಿಯ ಅಂಚಿಗೆ ಒತ್ತಿ, ಇಡೀ ಮೈಯನ್ನು ಹುಟ್ಟಿನ ಮೇಲೆ ಹಾಕಿ ಒತ್ತಿದ. ದೋಣಿಯ ಮೂತಿ ಮೆಲ್ಲಗೆ ತಿರುಗಿ ತೆರೆಗೆ ಎದುರಾಯಿತು, ಮೇಲೆದ್ದಿತು, ಆಚೆಗಿಳಿಯಿತು! ಆಮೇಲೆ ಅಪ್ಪ “ಹೋಯ್!” ಎಂದು ಕೂಗಿದ್ದು ದಡಕ್ಕೂ ಕೇಳಿಸಿತು.

ಹಗ್ಗ ಎಳೆಯುವಾಗ ನಾನೂ ಸಾಲಿನಲ್ಲಿದ್ದೆ. ಅಂಗೈ ಸುಲಿದು ಉರಿಯುತ್ತಿತ್ತು, ಬಿಡಲಿಲ್ಲ. ಬಲೆ ದಡ ಸೇರಿದಾಗ ಬಂಗುಡೆ ಮೀನುಗಳು ಬಿಸಿಲಿಗೆ ಫಳಫಳ ಹೊಳೆಯುತ್ತಾ ಚಿಮ್ಮುತ್ತಿದ್ದವು. ದೋಣಿಯ ಹಿರಿಯರು ಅಜ್ಜಿಯ ಹತ್ತಿರ ಬಂದು, “ಎಂತ ಮದ್ದು ಕೊಟ್ಯೇ ಅಕ್ಕಾ ಮಗನಿಗೆ?” ಎಂದು ಕೇಳಿದರು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, “ನಮ್ಮ ತಂಗಿ ಕೊಂದ ಬಳ್ಳಿ” ಎಂದಳು. ಅವತ್ತು ನನ್ನಷ್ಟು ಬೀಗಿದವರು ಇಡೀ ದಡದಲ್ಲಿ ಇನ್ನೊಬ್ಬರಿರಲಿಲ್ಲ.

ಈಗ ಕುಮಟೆಯ ನಮ್ಮ ಮನೆಯ ಕಪಾಟಿನಲ್ಲಿ ಅಮೃತಬಳ್ಳಿ ಡಬ್ಬಿಯೊಳಗೆ ಮಾತ್ರೆಯಾಗಿ ಕೂತಿದೆ. ಮೊಮ್ಮಕ್ಕಳು ಅದನ್ನು ನೀರಿನೊಂದಿಗೆ ಗುಳುಂ ಮಾಡುತ್ತಾರೆ. ಅದರ ಕಹಿ ಅವರಿಗೆ ಗೊತ್ತೇ ಇಲ್ಲ. ಅವರ ಕೈಗಡಿಯಾರ ಹೆಜ್ಜೆ ಎಣಿಸುತ್ತದೆ, ಚಿಪ್ಪು ಊರುವ ಕೆಲಸವಿಲ್ಲ. ಇರಲಿ, ಅವರ ಕಾಲ ಅವರಿಗೆ ಚಂದ. ಆದರೂ ನಾನು ಕಾಸರಕೋಡಿನ ಆ ಮರದಿಂದ ಒಂದು ಗೇಣು ತಂದು ಅಂಗಳದ ನುಗ್ಗೆಮರದ ಬುಡದಲ್ಲಿ ನೆಟ್ಟಿದ್ದೇನೆ.

ಈ ಮಳೆಗಾಲದಲ್ಲಿ ಒಂದು ದಿನ ಕಿರಿಯ ಮೊಮ್ಮಗಳು ಬಿಳಿಚಿದ ಮುಖ ಹೊತ್ತು ಬಂದು ನನ್ನ ಹಿಂದೆ ನಿಂತಳು. ಕ್ರಿಕೆಟ್ ಚೆಂಡು ಬಳ್ಳಿಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಕತ್ತರಿ ತಂದು ಬುಡವನ್ನೇ ಕತ್ತರಿಸಿದ್ದಳು. “ಅಜ್ಜಿ, ಸತ್ತೋತು” ಎಂದು ಅತ್ತಳು. ನಾನು ಬಯ್ಯಲಿಲ್ಲ. ಹತ್ತಿರ ಕೂರಿಸಿಕೊಂಡು ಈ ಕತೆಯನ್ನೂ ಹೇಳಲಿಲ್ಲ. “ದಿನಾ ಹೋಗಿ ನೋಡ್ತಾ ಇರು” ಎಂದೆ, ಅಷ್ಟೇ.

ಇವತ್ತು ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಅಂಗಳದಿಂದ ಅವಳ ಕೂಗು ಕೇಳಿಸಿತು. ಅಪ್ಪನ ಆ “ಹೋಯ್” ನೆನಪಾಗುವಷ್ಟು ಗಟ್ಟಿಯಾಗಿತ್ತು.

“ಅಜ್ಜೀ, ಬಾ ಬೇಗ! ನೆಲ ಮುಟ್ತು!”